ಎಂಟರ ಗೆರೆ

ತಟ್ಟೆ ತುಂಬುವ ತನಕ ನಮ್ಮ ಕಡೆ ಬಡಿಸುವ ಕೈ ಹಿಂದೆ ಸರಿಯುವುದಿಲ್ಲ. ದೇವದುರ್ಗದ ಆ ಕೈಯನ್ನೇ ನಾನು ವಿಮಾನ ರಿಪೇರಿಯ ಶೆಡ್ಡಿಗೂ ಹೊತ್ತುಕೊಂಡು ಹೋಗಿದ್ದೆ.

ಪೈಲಟ್ ತರಬೇತಿ ಶಾಲೆಯೊಂದರಲ್ಲಿ ಮೆಕ್ಯಾನಿಕ್ ಆಗಿ ಸೇರಿದ ಮೊದಲ ವರ್ಷ ಅದು. ಪುಟ್ಟದೊಂದು ವಿಮಾನ ನನ್ನ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಅಳತೆ ಕಡ್ಡಿ ಎಳೆದು ನೋಡಿದರೆ ಎಂಜಿನ್ ಎಣ್ಣೆ ಏಳರ ಗೆರೆಯಲ್ಲಿ ಇರುತ್ತಿತ್ತು. ಎಂಟರ ತನಕ ಗೆರೆ ಇದೆಯಲ್ಲ, ಖಾಲಿ ಬಿಡಲು ಮನಸ್ಸಾದರೂ ಹೇಗೆ ಬರಬೇಕು? ತುಂಬಿಸುತ್ತಿದ್ದೆ. ಹಾರಿ ಬಂದರೆ ಮತ್ತೆ ಏಳು, ವಿಮಾನದ ಹೊಟ್ಟೆಯ ತುಂಬ ಎಣ್ಣೆ ಜಿಡ್ಡು.

ನಮ್ಮ ಹಿರಿಯ ಎಂಜಿನಿಯರು ಸೋರಿಕೆ ಹುಡುಕಿದರು. ಪೈಪು ಒಣಗಿತ್ತು, ಫಿಲ್ಟರ್ ಬಿಗಿಯಾಗಿತ್ತು. ಪಿಸ್ಟನ್ ರಿಂಗ್ ಸವೆದಿರಬೇಕು, ಸೋಮವಾರ ಎಂಜಿನ್ ಬಿಚ್ಚೋಣ ಎಂದರು. ನನ್ನ ನೌಕರಿ ಖಾಯಂ ಆಗುವ ಪತ್ರವೂ ಅದೇ ವಾರ ಅವರ ಸಹಿಗೆ ಕಾದಿತ್ತು.

ಭಾನುವಾರ ಮಾನ್ವಿಯ ಅಕ್ಕನ ಮನೆಯಲ್ಲಿ ಊಟ. ಅಕ್ಕನ ಅತ್ತೆ ನನಗೆ ಹುಗ್ಗಿ ಬಡಿಸಿ ಬಡಿಸಿ ಸೋಲಿಸಿದ ಮೇಲೆ ಎರಡು ವರ್ಷದ ಮೊಮ್ಮಗನ ಕಡೆ ತಿರುಗಿದರು. "ಇದೊಂದ ಚಮಚ, ನಮ್ಮಪ್ಪ ಅಲ್ಲ?" ಅವನು ನುಂಗಿದ, ಯೋಚಿಸಿದ, ಅಷ್ಟನ್ನೇ ಅಜ್ಜಿಯ ಸೀರೆಗೆ ವಾಪಸ್ ಕೊಟ್ಟ. ಮೊದಲು ಉಂಡದ್ದು ಒಳಗೇ ಉಳಿಯಿತು. ಎಲ್ಲರೂ ನಕ್ಕರು, ನನಗೆ ಮಾತ್ರ ನನ್ನ ವಿಮಾನ ನೆನಪಾಯಿತು. ಎಂಜಿನ್ನಿಗೂ ಉಸಿರು ಬಿಡುವ ಕೊಳವೆ ಇರುತ್ತದೆ. ನಾನು ಹೆಚ್ಚಿಗೆ ಸುರಿದದ್ದನ್ನು ಅದು ಅಲ್ಲಿಂದ ಉಗುಳುತ್ತಿತ್ತು. ಅದಕ್ಕೆ ಯಾವ ರೋಗವೂ ಇರಲಿಲ್ಲ, ಉಪಚಾರ ಜಾಸ್ತಿಯಾಗಿತ್ತು.

ವಾಪಸ್ ಹೋಗುವ ಬಸ್ಸಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡಿದ್ದರೆ ಏನಾದೀತು ಎಂದು ಯೋಚಿಸಿದೆ. ಎಂಜಿನ್ ಬಿಚ್ಚುತ್ತಾರೆ, ಏನೂ ಸಿಗುವುದಿಲ್ಲ, ನಾನು ಖಾಯಂ. ರಾಯಚೂರು ಬಂದರೂ ಮನಸ್ಸು ಒಪ್ಪಲಿಲ್ಲ. "ಗಿಲ್ಲೆಸುಗೂರು, ಗಿಲ್ಲೆಸುಗೂರು" ಎಂದು ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ ಬಸ್ ನಿಲ್ದಾಣದ ಗದ್ದಲದಲ್ಲೇ ಎಂಜಿನಿಯರಿಗೆ ಫೋನ್ ಮಾಡಿದೆ.

"ಸರ್, ಎಂಜಿನ್ ಬಿಚ್ಚಬ್ಯಾಡ್ರಿ. ನಾನ ದಿನಾ ಎಂಟಕ್ಕ ತುಂಬಾಕತ್ತಿದ್ದೆ. ಏಳಕ್ಕ ಬಿಟ್ಟು ಒಮ್ಮೆ ಹಾರಿಸಿ ನೋಡ್ರಿ."

"ಉಳಿದವರೆಲ್ಲ ಏಳಕ್ಕ ನಿಲ್ಲಸ್ತಾರಲ್ರಿ. ನಿಮಗ ಯಾರೂ ಹೇಳಲಿಲ್ಲೇನು?"

"ನಾ ಯಾರನ್ನೂ ಕೇಳಲಿಲ್ರಿ."

ಸೋಮವಾರ ವಿಮಾನ ಹಾರಿ ಬಂತು. ಕೆಳಗೆ ನುಸುಳಿ ಬಿಳಿ ಬಟ್ಟೆಯಿಂದ ಹೊಟ್ಟೆ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು. ಎಂಜಿನಿಯರು ಖುಷಿಯಿಂದ ಚಹಾ ಕುಡಿಸಿದರು, ನನ್ನ ಪತ್ರವನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು. ಎರಡೂ ನ್ಯಾಯವೇ, ಆದರೂ ಅಳು ಬಂತು.

ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನನ್ನ ಮಗಳು ಖಾಯಂ ಆದ್ಲು ಅಂತ ಓಣಿಗೆಲ್ಲ ಹೇಳಿಬಿಟ್ಟೀನಲ್ಲ ನಾ" ಎಂದಳು. ಕೂತಲ್ಲಿಂದ ಎದ್ದ ಸದ್ದಾಯಿತು, ಮತ್ತೆ ಅವಳೇ ಮಾತು ಮುಂದುವರಿಸಿದಳು.

"ಇರ್ಲಿ ಬಿಡು. ನಿನ್ನ ತಪ್ಪು ನೀ ಒಪ್ಕೊಂಡಿ. ನಂದು ನಾ ಒಪ್ಕೊಂಡು ಬರ್ತೀನಿ. ತಡಿ, ಚಪ್ಪಲಿ ಎಲ್ಲಿ ಅದ ನೋಡ್ತೀನಿ."