ಪಾಪಯ್ಯನ ಖಾಕಿ ಅಂಗಿ

ತಳಿ ಪಟ್ಟಣದ ಕಡೆಯ ಆ ಹಳ್ಳಿಯಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಹೋದವರು ಹೊಸಿಲು ದಾಟುವುದಿಲ್ಲ ಎನ್ನುತ್ತಾರೆ. ಗಂಡ ಪಾಪಯ್ಯನ ತಿಥಿ ಮುಗಿದ ದಿನವೇ ಗೋವಿಂದಮ್ಮ ಅವನ ಪಂಚೆ, ಟವೆಲು, ಕಂಬಳಿ ಎಲ್ಲವನ್ನೂ ಗಂಟು ಕಟ್ಟಿ ಕೆರೆ ಏರಿಯ ಹಿಂದೆ ಸುಟ್ಟಳು. ಅಳಲಿಲ್ಲ. ಗಂಟಿನಲ್ಲಿ ಅವನ ಖಾಕಿ ಅಂಗಿ ಇರಲಿಲ್ಲವೆಂದು ಹೊಳೆದದ್ದು ಬೆಂಕಿ ಹತ್ತಿಕೊಂಡ ಮೇಲೆ.

ಅನುಮಾನ ನೇರವಾಗಿ ಸೊಸೆ ರಮ್ಯಳ ಮೇಲೆ ಹೋಯಿತು. ಗೋವಿಂದಮ್ಮನಿಗೆ ಅನುಮಾನ ಹೊಸದಲ್ಲ. ಡೈರಿಯವನ ಅಳತೆ, ಬಸ್ಸಿನಲ್ಲಿ ಪಕ್ಕ ಕೂತವಳ ಕೈಚೀಲ, ವಿನಾಕಾರಣ ನಗುವವರ ಬಾಯಿ, ಯಾವುದನ್ನೂ ಅವಳು ನಂಬಿದವಳಲ್ಲ. ಅದನ್ನು ನಕ್ಕು ಸಹಿಸಿದವನು ಪಾಪಯ್ಯ ಒಬ್ಬನೇ.

ಮನೆಯ ಸೀಮೆಹಸುವೂ ಅವಳ ಅನುಮಾನ ಬಲಿಯುವಂತೆ ಮಾಡಿತು. ಅದು ಪಾಪಯ್ಯನ ಕೈಗಲ್ಲದೆ ಯಾರಿಗೂ ಹಾಲು ಕೊಟ್ಟದ್ದಿಲ್ಲ. ಈಗ ಗೋವಿಂದಮ್ಮ ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ರಮ್ಯ ಮಾತ್ರ ಕೊಟ್ಟಿಗೆಯ ಬಾಗಿಲು ಮುಚ್ಚಿಕೊಂಡು ಬಕೆಟ್ ತುಂಬ ಕರೆದು ತರುತ್ತಿದ್ದಳು. ಹಾಲು ಕರೆಯುವುದಕ್ಕೆ ಬಾಗಿಲು ಯಾಕೆ ಮುಚ್ಚಬೇಕು? ಮಾಟಗೀಟ ಮಾಡಿಸುವವರಿಗೆ ಸತ್ತವರ ಬಟ್ಟೆಯೇ ಬೇಕಂತೆ.

ಒಂದು ಬೆಳಿಗ್ಗೆ ಗೋವಿಂದಮ್ಮ ಬಾಗಿಲು ತಳ್ಳಿದಳು. ರಮ್ಯ ನೈಟಿಯ ಮೇಲೆ ಪಾಪಯ್ಯನ ಅಂಗಿ ತೊಟ್ಟು ಕೂತಿದ್ದಳು. ಹಸು ಕತ್ತು ತಿರುಗಿಸಿ ಅವಳ ಬೆನ್ನು ಮೂಸುತ್ತಿತ್ತು.

“ಕಳ್ಳಿ, ಸತ್ತೋರ ಬಟ್ಟೆ ಮನೇಲಿಟ್ಟಿದ್ದೀಯಲ್ಲೇ.”

“ಮನೇಲೆಲ್ಲಿ ಅತ್ತೆ, ಕೊಟ್ಟಿಗೇಲಿಟ್ಟಿವ್ನಿ. ಮಾವನ ವಾಸ್ನೆ ಇಲ್ದಿದ್ರೆ ಇದು ಹಾಲು ಬಿಡಾಕಿಲ್ಲ. ಡೈರೀಲಿ ನಿಮ್ಮ ಬೈಗುಳ ಅಳ್ದು ತಗೋತಾರಾ?”

“ಬಿಚ್ಚು ಅದನ್ನ.”

ಗೋವಿಂದಮ್ಮ ಅಂಗಿಯನ್ನು ತಾನೇ ತೊಟ್ಟಳು. ಬೀಡಿ, ಒಣಹುಲ್ಲು, ಬೆವರು. ಗುಂಡಿ ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹಸು ಒದೆಯಲಿಲ್ಲ.

“ನಾಳೆಯಿಂದ ನಾನೇ ಕರೀತೀನಿ. ಇದನ್ನ ಒಗೀಬ್ಯಾಡ,” ಎಂದಳು.

ರಾಗಿ ಕೊಯ್ಲಿನ ಹೊತ್ತಿಗೆ ಒಂದು ದಿನ ಅಂಗಿ ತೊಡುವುದನ್ನು ಮರೆತು ಕರೆಯಲು ಕೂತಳು. ಬಕೆಟ್ ಅರ್ಧ ತುಂಬಿದ ಮೇಲೆ ಅದು ಅರಿವಿಗೆ ಬಂತು. ಅವಳಿಗೆ ಸಿಟ್ಟು ಬಂತು. “ಇಷ್ಟು ಬೇಗ ಮರ್ತುಬುಟ್ಯಾ ಅವ್ನನ್ನ?” ಎಂದು ಹಸುವಿನ ಬೆನ್ನಿಗೊಂದು ಏಟು ಕೊಟ್ಟಳು. ಯಾರಿಗೂ ಹೇಳಲಿಲ್ಲ. ಅಂದಿನಿಂದ ಕೊಟ್ಟಿಗೆಯ ಬಾಗಿಲನ್ನು ಅವಳು ಮುಚ್ಚಿಕೊಳ್ಳತೊಡಗಿದಳು. ಹಾಲು ಕರೆದಾದ ಮೇಲೆ ಅಂಗಿ ತೊಟ್ಟು ಸುಮ್ಮನೆ ಕೂರುವಳು.

ಸೊಸೆಗೂ ಅನುಮಾನ ಬರುತ್ತದೆಂದು ಅವಳು ಎಣಿಸಿರಲಿಲ್ಲ. ರಮ್ಯ ಒಂದು ದಿನ ಹೇಳದೆ ಒಳಗೆ ಬಂದಳು.

“ಯಾವಾಗಿಂದ ಅತ್ತೆ?”

“ಏನೇ ಯಾವಾಗಿಂದ?”

“ಅಂಗಿ ಗೂಟದಲ್ಲೈತೆ, ಬಕೆಟ್ಟು ತುಂಬೈತೆ. ಈಗ ಕಳ್ಳಿ ಯಾರು?”

ರಮ್ಯ ಅಂಗಿಯನ್ನು ತೆಗೆದು ಮೂಸಿದಳು. ದನಿ ತಗ್ಗಿಸಿ, “ಮಾವನ ವಾಸ್ನೆ ಹೋಗ್ಬುಟ್ಟೈತೆ ಅತ್ತೆ. ಇದ್ರಲ್ಲಿ ಈಗ ನಿಮ್ದೇ ಐತೆ,” ಎಂದಳು.

ಗೋವಿಂದಮ್ಮ ನಂಬಲಿಲ್ಲ. ಕಿತ್ತುಕೊಂಡು ಮೂಸಿದಳು. ಹರಳೆಣ್ಣೆ, ಒಲೆಯ ಹೊಗೆ, ಎಲೆಅಡಿಕೆ. ಕಾಲರಿನ ಒಳಗೂ ಮೂಸಿದಳು. ಕಂಕುಳಲ್ಲೂ ಹುಡುಕಿದಳು. ಆಮೇಲೆ ಅಂಗಿಯನ್ನು ಮಡಿಸಿ, ಒಲೆಯ ಪಕ್ಕದ ಬೆಂಕಿಪೊಟ್ಟಣ ತೆಗೆದುಕೊಂಡು ಕೆರೆ ಏರಿಯ ಕಡೆ ಹೊರಟಳು.

“ನಾನೂ ಬತ್ತೀನಿ ಅತ್ತೆ.”

“ಬ್ಯಾಡ. ನೀನು ಹಾಲು ಹಾಕಿ ಬಾ,” ಎಂದಳು ಗೋವಿಂದಮ್ಮ, ತಿರುಗಿ ನೋಡದೆ. “ಅಳೆಯೋವಾಗ ಡೈರಿಯವನ ಕೈ ಮೇಲೆ ಕಣ್ಣಿರಲಿ.”