ಅಳಿಯಂದಿರ ಢಂ

ನಮ್ಮ ಅಳಿಯಂದಿರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಅವರ ಕಾರು ಎರಡನೇ ಗೇರು ದಾಟಿದ್ದನ್ನು ಕಂಡವರಿಲ್ಲ. ಆದರೆ ಒಳಗೆ ಮೊಳಗುವ ಸಂಗೀತ ಕೇಳಿದರೆ, ಹತ್ತು ಸಾವಿರ ಕುದುರೆ ರಾಜ್ಯ ಗೆಲ್ಲಲು ಹೊರಟಿವೆ ಅನ್ನಬೇಕು. ಸಿನಿಮಾ ಟ್ರೈಲರಿಗೆ ಹಾಕುತ್ತಾರಲ್ಲ, ಅದೇ. ಮೊದಲು ದೂರದಲ್ಲಿ ನಗಾರಿ. ಆಮೇಲೆ ನೂರು ಪಿಟೀಲು. ಆಮೇಲೆ ಯಾರದೂ ಅಲ್ಲದ ಭಾಷೆಯಲ್ಲಿ ಒಂದೂರಿನ ಜನವೆಲ್ಲ ಬಾಯಿ ಬಡಿದುಕೊಳ್ಳುವುದು. ಇದ್ದಕ್ಕಿದ್ದಂತೆ ನಿಶ್ಶಬ್ದ. ಕೊನೆಗೆ ಒಂದೇ ಒಂದು ಢಂ!

ಒಮ್ಮೆ ಆ ಢಂ ಸದ್ದಿಗೆ ಎದುರುಮನೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಡಿಯಾರ ಓಡತೊಡಗಿತು. ಸುಳ್ಳಾದರೆ ಅವರನ್ನೇ ಕೇಳಿ. ಆದರೆ ಅವರು ಮನೆ ಬಿಟ್ಟು ಹೋಗಿದ್ದಾರೆ.

"ಅದರಲ್ಲಿ ಅಂಥಾದ್ದೇನಿದೆ ಅಳಿಯಂದ್ರೇ?" ಎಂದೆ.

"ಕೇಳಿದ್ರೆ ಮೈ ಜುಮ್ ಅನ್ನತ್ತೆ ಮಾವ. ಏನಾದ್ರೂ ದೊಡ್ಡದು ಮಾಡ್ಬೇಕು ಅನ್ಸತ್ತೆ."

"ಏನು ಮಾಡ್ಬೇಕು?"

"ಅದನ್ನ ಯೋಚ್ನೆ ಮಾಡೋಷ್ಟರಲ್ಲಿ ಮುಗಿದುಹೋಗತ್ತೆ. ಮತ್ತೆ ಮೊದಲಿಂದ ಹಾಕ್ತೀನಿ."

ಪಾಠವೂ ಅದೇ ತಾಳಕ್ಕೆ. ನಗಾರಿಗೆ ಬ್ರೇಕು ಅದುಮುವುದು, ಪಿಟೀಲಿಗೆ ಮೆಲ್ಲಗೆ ಕ್ಲಚ್ಚು ಬಿಡುವುದು, ನಿಶ್ಶಬ್ದಕ್ಕೆ ಉಸಿರು ಹಿಡಿಯುವುದು, ಢಂ ಅಂದಾಗ ಮುಂದಕ್ಕೆ. ಸಂಗೀತವಿದ್ದಷ್ಟು ಹೊತ್ತು ಶಿಷ್ಯರೆಲ್ಲ ಶೂರರು. ಪರೀಕ್ಷೆಯಲ್ಲಿ ಸಂಗೀತ ಹಾಕುವ ಹಾಗಿಲ್ಲ. ಹಾಗಾಗಿ ಎಲ್ಲರೂ ಡುಮ್ಕಿ.

ಸ್ಕೂಲಿನ ಯಜಮಾನರಿಗೆ ಸಾಕಾಗಿ ಹೋಯಿತು. "ಈ ಸಲ ಒಬ್ಬರಾದ್ರೂ ಪಾಸಾಗ್ಬೇಕು. ಇಲ್ದಿದ್ರೆ ನಾಳೆಯಿಂದ ಕಲಿಸೋದು ಬೇಡ, ಕಾರು ತೊಳ್ಕೊಂಡಿರಿ" ಅಂದುಬಿಟ್ಟರು.

ಆ ಸಲದ ಶಿಷ್ಯರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಈ ವಯಸ್ಸಿನಲ್ಲಿ ಅವಳಿಗೆ ಕಾರಿನ ಹುಚ್ಚು!

ಪರೀಕ್ಷೆಯ ದಿನ ಮೈದಾನದ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದೆ ಜಾರದಂತೆ ಹೊರಡಿಸಬೇಕಿತ್ತು. ಅವಳಿಗಿಂತ ಮುಂಚಿನವರೆಲ್ಲ ಜಾರಿ ಜಾರಿ ಬೇಲಿ ಮುಟ್ಟಿ ಬಂದಿದ್ದರು. ಉಳಿದವಳು ಇವಳೊಬ್ಬಳೇ. ಬೇಲಿಯಾಚೆ ನನ್ನ ಪಕ್ಕದಲ್ಲಿ ಅಳಿಯಂದಿರು ಬಿಳುಚಿಕೊಂಡು ನಿಂತಿದ್ದರು.

ಇವಳು ಏರಿನಲ್ಲಿ ಕಾರು ನಿಲ್ಲಿಸಿದಳು. ನಿಲ್ಲಿಸಿದವಳು ಹಾಗೇ ಕೂತಳು.

"ಹೊರಡಿ ಅಮ್ಮ, ಯಾರಿಗೆ ಕಾಯ್ತಿದೀರಿ?" ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರು ಕೇಳಿದರು.

"ಢಂ ಆಗ್ಲಿ ಸಾರ್."

"ಏನಾಗ್ಲಿ?"

"ಸ್ವಲ್ಪ ಬಾಯ್ ಮುಚ್ಕೊಂಡಿರಿ. ಈಗ ನಿಶ್ಶಬ್ದದ ಹೊತ್ತು."

ತೆರೆದ ಕಿಟಕಿಯಿಂದ ಅಷ್ಟೂ ಕೇಳಿಸಿತು. ಅಳಿಯಂದಿರು ನನ್ನ ತೋಳು ಹಿಂಡಿದರು. "ಮಾವ, ಅತ್ತೆ ಕ್ಲಚ್ಚು ಅರ್ಧ ಬಿಟ್ಕೊಂಡು ಕಾಯ್ತಿದಾರೆ. ಇನ್ನು ತಡ ಮಾಡಿದ್ರೆ ಕೆಟ್ಟೆ!" ಎಂದವರೇ ಬೇಲಿ ಹತ್ತಿ, ಎರಡೂ ಕೈ ಬಾಯಿಗಿಟ್ಟು ಕೂಗಿದರು.

"ಢಂ!"

ಮೈದಾನದ ಕಾಗೆಗಳೆಲ್ಲ ಎದ್ದವು. ಎರಡು ಕಾಗೆ ಇನ್ನೂ ಇಳಿದಿಲ್ಲ ಅಂತ ಕೇಳಿದ್ದೇನೆ. ಕಾರು ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಏರು ಹತ್ತಿತು.

ಇನ್‌ಸ್ಪೆಕ್ಟರು ಬೆವರು ಒರೆಸಿಕೊಳ್ಳುತ್ತ ಇಳಿದರು. "ಇವರು ಪಾಸು. ಆದ್ರೆ ಆ ಬೇಲಿ ಮೇಲಿರೋ ಮನುಷ್ಯನನ್ನ ಮೊದಲು ಕೆಳಗಿಳಿಸಿ."

ಕೆಲಸ ಉಳಿಯಿತು. ದೊಡ್ಡದೇನೋ ಮಾಡಬೇಕೆಂದಿದ್ದ ಅಳಿಯಂದಿರು ಕಡೆಗೂ ಮಾಡಿದಂತಾಯಿತು. ಈಗ ಇವಳು ತರಕಾರಿಗೆ ಹೊರಟಾಗಲೆಲ್ಲ ಅವರೂ ಹಿಂದಿನ ಸೀಟಿನಲ್ಲಿ ಕೂರಲೇಬೇಕು. ಸಿಗ್ನಲ್ಲಿನಲ್ಲಿ ಹಸಿರು ಬಂದ ಕೂಡಲೇ ಇವಳು ಕನ್ನಡಿಯಲ್ಲಿ ಅವರನ್ನು ನೋಡುತ್ತಾಳೆ.

"ಹೂಂ, ಅನ್ನಿ ಅಳಿಯಂದ್ರೇ. ಹಿಂದೆ ಬಸ್ಸು ಕಾಯ್ತಿದೆ."