ಸೀಟಿಗೆ ಮೊದಲು

ಕುಕ್ಕರ್ ಸೀಟಿ ಹೊಡೆಯುವ ಮೊದಲು ಸಣ್ಣಗೆ ಸುಯ್ ಎನ್ನುತ್ತದಲ್ಲ, ಆ ಸದ್ದಿಗೆ ಇಂದಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಅನಗೋಳದ ನಮ್ಮ ಮನೆಯಲ್ಲಿ ಆಗಲೇ ತಮ್ಮ ಬಸು ಚೀರಲು ಶುರುಮಾಡುತ್ತಿದ್ದ. ಆರು ವರ್ಷವಾದರೂ ಮಾತು ಬಾರದ ಹುಡುಗ, ತನ್ನ ಮುಂಗೈಯನ್ನೇ ರಕ್ತ ಬರುವಂತೆ ಕಚ್ಚಿಕೊಳ್ಳುತ್ತಿದ್ದ. ಸೀಟಿಗಿಂತ ಮೊದಲೇ ಚೀರುತ್ತಿದ್ದನಾದ್ದರಿಂದ ಕುಕ್ಕರಿನ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಎಂಥ ದಡ್ಡರು ನಾವು! ಅಪ್ಪ ಹೊಡೆದು ನೋಡಿದ, ಅವ್ವ ಹರಕೆ ಹೊತ್ತಳು, ಓಣಿಯವರು ಪುಕ್ಕಟೆ ಬುದ್ಧಿ ಹೇಳಿದರು. ಕೊನೆಗೆ, ರವಿವಾರ ಅವನನ್ನು ದೂರದ ವಸತಿಶಾಲೆಗೆ ಬಿಟ್ಟುಬರುವುದೆಂದು ಅಪ್ಪ ಚೀಲ ಕಟ್ಟಿಟ್ಟ.

ಸುದ್ದಿ ಕೇಳಿ ಖಾನಾಪುರದಿಂದ ಆಯಿ, ಅಂದರೆ ಅವ್ವನ ತಾಯಿ, ಬಂದಿಳಿದಳು. ಮೊಮ್ಮಗನನ್ನು ರಮಿಸುವ ಗೋಜಿಗೇ ಹೋಗದೆ ಮೂರು ದಿನ ಅಡಿಗೆಮನೆಯ ಹೊಸ್ತಿಲಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕುಳಿತಳು. ನನಗೋ ಮೈಯೆಲ್ಲ ಉರಿ. “ಸುಮ್ಮ ಕುಂತೀಯಲ್ಲ ಆಯಿ, ಅಂವನ್ನ ಕಳಸ್ತಾರ!” ಎಂದು ಅಳತೊಡಗಿದೆ. “ಅಂವ ಚೀರೂದು ಎಲ್ಲಾರೂ ನೋಡೀರಿ. ಅದಕ್ಕ ಮೊದಲ ಏನಾತು, ಯಾರರೆ ನೋಡೀರೇನು?” ಎಂದಳು ಆಯಿ. ನಾಲ್ಕನೇ ದಿನ ಕುಕ್ಕರ್ ಅಟ್ಟ ಸೇರಿತು, ಬೇಳೆ ಹಿತ್ತಾಳೆಯ ಪಾತ್ರೆಯಲ್ಲಿ ಬೆಂದಿತು. ಆದರೆ ಗೋಡೆಯಾಚೆ, ನಾವು ಕಾಕು ಎನ್ನುತ್ತಿದ್ದ ಬಾಜೂಮನೆಯ ಮರಾಠಿ ಹೆಂಗಸಿನ ಕುಕ್ಕರ್ ಇತ್ತಲ್ಲ! ಆಯಿ ಅಲ್ಲಿಗೂ ಹೋಗಿ ಮರಾಠಿಯಲ್ಲಿ ಏನೋ ಹೇಳಿಬಂದಳು.

ರವಿವಾರ ಅಪ್ಪ ಬೂಟು ಹಾಕಿಕೊಂಡು ಕುಳಿತ. “ಇವತ್ತ ಒಮ್ಮೆ ಚೀರಿದರೂ ಸಾಕು, ಹೊಂಟೆ,” ಎಂದ. ಅವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಕಾಕು ಕೂಗಿದಳು: “ಆಯೀ, ಸೀಟಿ ಬರತೈತಿ ನೋಡ್ರಿ!” ಆಯಿ ಕಿಟಕಿ ಮುಚ್ಚಿ, ಬಸುವನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ, ಅವನ ಕೈಯನ್ನು ಗೂಟದ ಮೇಲಿಟ್ಟು ತಾನೂ ಹಿಡಿದು ಬೀಸತೊಡಗಿದಳು. ಕಲ್ಲಿನ ಗುರುಗುರು ಮನೆ ತುಂಬಿತು. ಒಂದು ಸೀಟಿ. ಬಸುವಿನ ಕೈ ಬಾಯಿಯ ಹತ್ತಿರ ಹೋಯಿತು. ಎರಡು. ಕೈ ಮರಳಿ ಗೂಟಕ್ಕೆ ಬಂತು. ಮೂರು. ಅಪ್ಪ ಬಹಳ ಹೊತ್ತು ನೋಡಿ, “ಬಸ್ಸು ಹೋಗಿರಬೇಕು,” ಎಂದು ಬೂಟು ಬಿಚ್ಚಿದ.

ಆಮೇಲೆ ಎಷ್ಟೋ ವರ್ಷ ಇಡೀ ಓಣಿಯೇ ಸೀಟಿಗೆ ಮೊದಲು ನಮ್ಮನ್ನು ಕೂಗಿ ಎಚ್ಚರಿಸುತ್ತಿತ್ತು. ಈಗ ಆಯಿ ಇಲ್ಲ, ಕಾಕು ಇಲ್ಲ, ಆ ಮನೆಗಳ ಜಾಗದಲ್ಲಿ ಫ್ಲ್ಯಾಟುಗಳಿವೆ. ಮಹಾಂತೇಶ ನಗರದ ನನ್ನ ಮನೆಯಲ್ಲಿದ್ದ ಬಸುವೂ ಹೋದ ವರ್ಷ ಜ್ವರದಲ್ಲಿ ಹೋಗಿಬಿಟ್ಟ. ಮೊನ್ನೆ ಮೊದಲ ಸಲ ಕುಕ್ಕರ್ ತಂದು ಒಲೆಯ ಮೇಲಿಟ್ಟೆ. ಸುಯ್ ಎಂದೊಡನೆ ಓಡಿಹೋಗಿ ಅವನ ಕೋಣೆಯ ಬಾಗಿಲು ಮುಚ್ಚಿ, “ಬಸೂ, ಸೀಟಿ ಬರತೈತಿ ನೋಡಪಾ,” ಎಂದೆ. ಸೀಟಿ ಮೂರು ಸಲ ಹೊಡೆಯಿತು. ಯಾರೂ ಚೀರಲಿಲ್ಲ.